ಅಂಚಿನ ಮೇಲಿನ ಕೊನೆಯ ಅಂಕಿ

ಶಹಾಪುರದ ಸರಾಫ ಗಲ್ಲಿಯಲ್ಲಿ ಅಕ್ಕಸಾಲಿ ನಾಗಲಿಂಗ ಪತ್ತಾರನಿಗೆ ‘ಪದಕದ ಹುಚ್ಚ’ ಎಂದು ಅಡ್ಡಹೆಸರು. ಮಹಾಯುದ್ಧಕ್ಕೆ ಹೋಗಿ ಬಂದವರು, ಹೋಗಿ ಬಾರದವರ ಮನೆಯವರು ಸರಕಾರದ ಬೆಳ್ಳಿ ಪದಕವನ್ನು ಕರಗಿಸಲು ತಂದರೆ, ಈ ಮಹಾರಾಯ ಅಷ್ಟೇ ತೂಕದ ಬೇರೆ ಬೆಳ್ಳಿ ಕೊಟ್ಟು ಪದಕವನ್ನು ತನ್ನ ಡಬ್ಬಿಗೆ ಹಾಕುತ್ತಾನೆ. ಆಮೇಲೆ ಅದರ ಅಂಚಿನ ಮೇಲಿನ ಹೆಸರು, ನಂಬರು ಓದಿ ಆ ಸಿಪಾಯಿಯ ಕಥೆ ಪತ್ತೆ ಮಾಡಲು ಪಕ್ಕದ ಮನೆಯ ನನ್ನನ್ನು ಎಳೆಯುತ್ತಾನೆ. ನಾನು ಜಿನಪಾಲ, ಸಾಲಿ ಮಾಸ್ತರ. ಇಂಗ್ಲಿಷ್ ಕಲಿತ ತಪ್ಪಿಗೆ ಇವನ ಹುಚ್ಚಿಗೆ ಬಿಟ್ಟಿ ಗುಮಾಸ್ತ. ಐದು ವರ್ಷದಲ್ಲಿ ಇಪ್ಪತ್ತೇಳು ಪದಕ ಕೂಡಿದವು. “ಕರಗಸೂ ಪತ್ತಾರ ಕೂಡಿ ಇಡಾಕ ಹತ್ತಿದ್ರ ನಮ್ಮ ಒಲಿ ಹತ್ತಿದಂಗ ಐತಿ ಬಿಡ್ರಿ!” ಎಂದು ಅವನ ಹೆಂಡತಿ ಸಂಗವ್ವ ಬೈಯುತ್ತಾಳೆ. ನಾನೂ ಬೈಯುತ್ತೇನೆ. ಆದರೆ ಮೊದಲ ಪದಕ ಬಂದ ದಿನ ನಾನೂ ಅಲ್ಲಿದ್ದೆ. ಹಾಗಾಗಿ ನನ್ನ ಬೈಗುಳದಲ್ಲಿ ಜೋರಿಲ್ಲ.

ಅದು 1923ರ ಪಿತೃಪಕ್ಷ. ಹಲಸಿಯ ಚಂದ್ರಭಾಗಾ ಎಂಬ ಹೆಣ್ಣುಮಗಳು ಖಾನಾಪುರದಲ್ಲಿ ರೈಲು ಹತ್ತಿ ಬಂದು ಇಲ್ಲಿ ಚಿಕ್ಕಮ್ಮನ ಮನೆಯಲ್ಲಿ ಇಳಿದಿದ್ದಳು. ಗಂಡ ಪಂಢರಿನಾಥ ಪಾಟೀಲ ಬಸರಾ ಕಡೆಯ ಲಡಾಯಿಗೆ ಹೋಗಿ ಎಂಟು ವರ್ಷವಾಗಿತ್ತು. ‘ಕಾಣೆಯಾಗಿದ್ದಾನೆ’ ಎಂದು ಒಂದೇ ಒಂದು ಕಾಗದ ಬಂದಿತ್ತು. ಅದನ್ನೂ ಗೆದ್ದಲು ತಿಂದಿತ್ತು. ಹಿಂದಿನ ವರ್ಷ ಟಪಾಲಿನಲ್ಲಿ ಪದಕ ಬಂತು. ಊರಲ್ಲಿ ಸತ್ತವನೊಬ್ಬನ ಮನೆಗೂ ಅಂಥದೇ ಬಂದಿತ್ತಂತೆ. ಅಲ್ಲಿಗೆ ಮಾವ ಮಗನ ಆಸೆ ಬಿಟ್ಟ. ತೀರಿಹೋದವರ ಹೆಸರಲ್ಲಿ ಬೆಳ್ಳಿ ತಗಡಿನ ಮೇಲೆ ಮೂರ್ತಿ ಬಡಿಸಿ ದೇವರ ಜಗಲಿಯಲ್ಲಿ ಇಡುವುದು ಅವರ ಪದ್ಧತಿ. ಅದಕ್ಕೆ ಟಾಕ ಎನ್ನುತ್ತಾರೆ. ಅಮಾವಾಸ್ಯೆಯೊಳಗೆ ಪದಕ ಕರಗಿ ಟಾಕ ಆಗಬೇಕು, ಟಾಕ ಜಗಲಿ ಏರಿದ ದಿನವೇ ಸೊಸೆಯ ಬಳೆ ಒಡೆಯಬೇಕು. ಅಮಾವಾಸ್ಯೆಗೆ ಇನ್ನು ಐದು ದಿನ ಇತ್ತು.

“ಕರಗಸೂಕಿಂತ ಮೊದ್ಲ ಪಲ್ಟಣದ ಕಚೇರಿಯೊಳಗ ಒಮ್ಮೆ ಕೇಳಬೇಕಂತೀನ್ರಿ…” ಎಂದು ಪದಕವನ್ನು ನಾಗಲಿಂಗನ ಕೈಗೆ ಕೊಡುತ್ತ ಅವಳು ಶುರು ಮಾಡಿದಳು.

ಪತ್ತಾರನ ಕಿವಿ ಅವಳ ಕಡೆ ಇತ್ತು, ಕೈ ಮಾತ್ರ ತನ್ನ ಕೆಲಸದಲ್ಲಿತ್ತು. ಬೆಳ್ಳಿ ಯಾವುದೇ ಬರಲಿ, ಮುಖಭಾಗ ಕೆಡಿಸದೆ ಅಂಚು ಉಜ್ಜಿ ಅಪ್ಪಟವೋ ಎಂದು ನೋಡಬೇಕು ಎಂಬುದು ಅಪ್ಪ ಕಲಿಸಿದ ಪಾಠ. ಕಾನಸು ಎಂಬ ಅರದಿಂದ ಮೂರು ಸಲ ಎಳೆದೇ ಬಿಟ್ಟ.

“ಅಯ್ಯ ದೇವ್ರ! ಅಲ್ಲೇ ಅವರ ಹೆಸರು ಐತ್ರೀ!” ಎಂದು ಚಂದ್ರಭಾಗಾ ಚೀರಿದಳು.

ನಾನು ಕಸಿದು ನೋಡಿದೆ. ಹೆಸರು ಉಳಿದಿತ್ತು. ನಂಬರಿನಲ್ಲಿ ಎರಡು, ಏಳು, ನಾಲ್ಕು ಇದ್ದವು. ಕೊನೆಯ ಅಂಕಿ ಬೆಳ್ಳಿಯ ಪುಡಿಯಾಗಿ ಅವನ ಮಣೆಯ ಮೇಲೆ ಬಿದ್ದಿತ್ತು. “ಕಣ್ಣೇನು ಕುಂಡಿ ಮ್ಯಾಲ ಅದಾವೇನೋ ನಿನಗ?” ಎಂದು ಬೈದೆ.

ಮರುದಿನ ನಾಗಲಿಂಗ, ನಾನು ಇಬ್ಬರೂ ಕ್ಯಾಂಪಿನಲ್ಲಿದ್ದ ಪಲ್ಟಣದ ಕಚೇರಿಗೆ ಹೋದೆವು. ಕಾರಕೂನ ಎರಡು ದಿನ ಓಡಾಡಿಸಿ, ಮೂರನೆಯ ದಿನ ದಫ್ತರ ತೆಗೆದ. ಖಾನಾಪುರ ತಾಲೂಕಿನ ಪಂಢರಿನಾಥ ಪಾಟೀಲರು ಇಬ್ಬರಿದ್ದರು! 2743 ಬಸರಾ ದವಾಖಾನೆಯಲ್ಲಿ ತೀರಿಕೊಂಡಿದ್ದ. 2748 ತುರ್ಕರ ಕೈಗೆ ಸೆರೆ ಸಿಕ್ಕು ಬಿಡುಗಡೆಯಾಗಿದ್ದ. ನಾನು ಇಬ್ಬರ ವಿವರವನ್ನೂ ಚೀಟಿಯಲ್ಲಿ ಬರೆದುಕೊಂಡೆ. ದಾರಿಯುದ್ದಕ್ಕೂ ನಾಗಲಿಂಗ ಒಂದೇ ಮಾತು ಜಪಿಸಿದ: “ಮೂರಾದ್ರ ಸತ್ತಾನ, ಎಂಟಾದ್ರ ಬದಕ್ಯಾನ. ನನ್ನ ಕೈಗೆ ಹುಳಾ ಬೀಳ್ಲಿ, ಮಾಸ್ತರ್ರೀ.”

ಆ ರಾತ್ರಿ ಅವನು ಉಣ್ಣಲಿಲ್ಲವೆಂದು ಸಂಗವ್ವ ಹೇಳಿದಳು. ಬೆಳಿಗ್ಗೆ ಅವನೇ ನನ್ನ ಬಾಗಿಲು ಬಡಿದ. ಮುದ್ರೆ ಒತ್ತಿದ ಏಟು ಬೆಳ್ಳಿಯ ಒಳಗೂ ಇಳಿದಿರುತ್ತದೆ, ಮೇಲಿನದು ಉಜ್ಜಿದರೂ ಬೆಳ್ಳಿ ಕೊರೆಯುವ ತೇಜಾಬಿನ ನೀರು ಸವರಿದರೆ ನೆರಳು ಏಳಬಹುದು ಎಂದ. ಹೆಚ್ಚು ಸವರಿದರೆ ಅದೂ ತಿಂದುಹೋಗುತ್ತದೆ ಎಂದೂ ಹೇಳಿದ. ಚಂದ್ರಭಾಗಾಳನ್ನು ಕರೆಸಿ, ಮೂರು–ಎಂಟರ ಸಂಗತಿ ಮುಚ್ಚಿಡದೆ ಹೇಳಿದೆವು. ಅವಳು ಸೆರಗು ಬಿಗಿಯಾಗಿ ಹಿಡಿದು ಹೊಸ್ತಿಲ ಬಳಿ ಕುಳಿತಳು.

ಬಿಸಿಲಿಗೆ ಹಿಡಿದು ಹತ್ತಿಯ ತುದಿಯಿಂದ ಸವರಿದ. ಏನೂ ಇಲ್ಲ. ಇನ್ನೊಮ್ಮೆ ಸವರಿದ. ಬಲಗಡೆ ಎರಡು ಡೊಂಕು ಗೆರೆ ಎದ್ದವು. ಮೂರು! “ಸಾಕು ಬಿಡೋ, ಇದ್ದದ್ದೂ ಹೋದೀತು,” ಎಂದೆ. ಅವನು ಕೇಳಲಿಲ್ಲ, ಮೂರನೆಯ ಸಲ ಸವರಿದ. ಎಡಗಡೆಯ ಗೆರೆಗಳೂ ಮೆಲ್ಲಗೆ ಬಂದು ಕೂಡಿಕೊಂಡವು.

“ಎಂಟು! ಖರೇ ಎಂಟು!” ಎಂದು ನಾನೇ ಕೂಗಿದೆ.

“ಬದಕ್ಯಾನವ್ವಾ ನಿನ್ನ ಗಂಡ!” ನಾಗಲಿಂಗ ಹುಡುಗರಂತೆ ಅತ್ತ. ಸಂಗವ್ವ ಓಡಿಹೋಗಿ ಸಕ್ಕರೆ ತಂದು ಎಲ್ಲರ ಕೈಗೂ ಹಾಕಿದಳು. ನಾನು ಹುರುಪಿನಲ್ಲಿ ಚೀಟಿ ಬಿಚ್ಚಿ ದೊಡ್ಡ ದನಿಯಲ್ಲಿ ಓದಿದೆ: “ಹತ್ತೊಂಬತ್ತನೇ ಇಸವಿ ಮಾರ್ಚ್ ತಿಂಗಳು ಹಡಗದಿಂದ ಮುಂಬೈಯೊಳಗ ಇಳದಾನ. ತಬ್ಯೇತ ಚಲೋ ಐತಿ. ಪಗಾರ ಪೂರಾ ತಗೊಂಡು, ನೌಕರಿ ಬಿಟ್ಟು ಹೋಗ್ಯಾನ.”

ಚಂದ್ರಭಾಗಾ ಸಕ್ಕರೆ ಬಾಯಿಗೆ ಹಾಕಿಕೊಂಡಿರಲಿಲ್ಲ.

“ಮಾಸ್ತರ್ರೀ, ಆ ವರ್ಸ ಮುಂಬೈಯಿಂದ ಖಾನಾಪುರಕ್ಕ ರೈಲು ಇರ್ಲಿಲ್ಲೇನ್ರೀ?”

ಮೂರೂ ಜನ ಅವಳ ಮುಖ ನೋಡಿದೆವು. ಸತ್ತನೋ ಬದುಕಿದನೋ ಎಂದು ಐದು ದಿನ ಒದ್ದಾಡಿದ ನಮ್ಮಲ್ಲಿ ಒಬ್ಬರಿಗೂ ನಾಲ್ಕು ವರ್ಷದ ಈ ಲೆಕ್ಕ ಹೊಳೆದಿರಲಿಲ್ಲ. ನಾಚಿಕೆಯಿಂದ ನಾನು ಚೀಟಿ ಮಡಚಿದೆ.

ಅವಳು ಸಕ್ಕರೆಯನ್ನು ತಟ್ಟೆಗೆ ಸುರಿದು ಕೈ ಒರೆಸಿಕೊಂಡಳು. “ಟಾಕ ಬ್ಯಾಡ್ರಿ. ಇದು ನಿಮ್ಮ ಕಡೇನ ಇರ್ಲಿ, ಬಂದ್ರ ಅವರಿಗೇ ಕೊಡ್ರಿ. ಮಾವಗ ಬದಕ್ಯಾರಂತ ಅಷ್ಟ ಹೇಳ್ತೀನಿ. ಹಡಗದ ಮಾತು ಹೇಳಂಗಿಲ್ಲ,” ಎಂದು ಎದ್ದು, ಮಧ್ಯಾಹ್ನದ ಗಾಡಿಗೆ ಸ್ಟೇಶನ್ನಿನ ದಾರಿ ಹಿಡಿದಳು.