ಅಪ್ಪನ ಕತ್ತಿಯ ಡೊಂಕು ಹಿಡಿಕೆ

ಅಪ್ಪನ ಕ್ಷೌರದ ಕತ್ತಿಯ ಹಿಡಿಕೆಯನ್ನು ನೆಟ್ಟಗೆ ಮಾಡಿದವಳು ನಾನೇ. ಮಾಡಬಾರದಿತ್ತು. ಈಗಲೂ ಯಾರಾದರೂ ನನ್ನ ಕೈಕೆಲಸ ಹೊಗಳಿದರೆ ಮೈಯೆಲ್ಲ ಉರಿಯುತ್ತದೆ.

ಅವು ಯುದ್ಧದ ದಿನಗಳು. ನನ್ನ ತವರು ಹಾನಗಲ್ಲು, ಕೊಟ್ಟದ್ದು ಸವಣೂರಿಗೆ. ಅಪ್ಪನದು ಕ್ಷೌರದ ಕಸುಬು. ಕತ್ತಿ, ಕತ್ತರಿ, ಸಾಣೆಕಲ್ಲು ತುಂಬಿದ ಹಡಪವನ್ನು ಬಗಲಿಗೆ ಹಾಕಿಕೊಂಡು ಊರಿನ ಮನೆಗಳಿಗೂ ನೆರೆಯ ಆಡೂರಿನ ಕೆಲವು ಮನೆಗಳಿಗೂ ಹೋಗಿಬರುತ್ತಿದ್ದ. ಆ ಮನೆಗಳ ಮಕ್ಕಳ ಜವಳ, ಅಂದರೆ ಹುಟ್ಟುಗೂದಲು ತೆಗೆಯುವ ಮೊದಲ ಕ್ಷೌರ, ಅವನ ಕೈಯಿಂದಲೇ ಆಗಬೇಕು. ಅಪ್ಪ ಕತ್ತಿ ಆಡಿಸಿದರೆ ಕೂಸು ನಿದ್ದೆ ಹೋಗುತ್ತದೆ ಎಂದು ಜನ ಹೇಳುತ್ತಿದ್ದರು. ಸುಳ್ಳು. ನಾನು ನೋಡಿದ ಕೂಸುಗಳೆಲ್ಲ ಓಣಿ ಒಂದಾಗುವಂತೆ ಅರಚುತ್ತಿದ್ದವು. ಆದರೆ ಒಂದಕ್ಕೂ ಗಾಯವಾದದ್ದಿಲ್ಲ, ಅದು ಮಾತ್ರ ಖರೆ.

ನನ್ನ ಮಗನ ಜವಳದ ಹೊತ್ತು ಬಂದಾಗ ಅಪ್ಪ ಸವಣೂರಿನವರೆಗೂ ಬಂದ. ನಮ್ಮತ್ತೆಯ ಮುಂದೆ ಕೂತು, "ಮೊಮ್ಮಗನ ಜವಳ ನಮ್ಮ ಮನ್ಯಾಗ ಆಗ್ಲಿರಿ ಬೀಗರ. ಊರ ಮಕ್ಕಳಿಗೆಲ್ಲಾ ಮಾಡೇನಿ, ನನ್ನ ಕೂಸಿಗೆ ಮಾಡಬ್ಯಾಡೇನ್ರಿ?" ಎಂದು ಕೇಳಿಕೊಂಡ. ಯಾರನ್ನೂ ಏನೂ ಕೇಳದ ಮನುಷ್ಯ ಅವನು. ಅತ್ತೆ ಒಪ್ಪಿದಳು. ನಾನು ಕೂಸನ್ನೆತ್ತಿಕೊಂಡು ಮುಂಚೆಯೇ ತವರಿಗೆ ಹೋದೆ.

ಹೋದ ಮೇಲೆ ತಿಳಿಯಿತು, ಅಪ್ಪನ ಕ್ಷೌರದಲ್ಲಿ ಈಚೆಗೆ ರಕ್ತ ಕಾಣಿಸುತ್ತಿದೆ. ಜಗುಲಿಯ ಮೇಲೆ ಒಬ್ಬರ ಗಡ್ಡ ಕೆರೆಯುವಾಗ ನಾನೇ ನೋಡಿದೆ. ಗದ್ದದ ಕೆಳಗೆ ಕೆಂಪಗೆ ಜಿನುಗಿತು. ಅಪ್ಪ ರಕ್ತ ನಿಲ್ಲಲೆಂದು ಪಟಿಕದ ತುಂಡು ಉಜ್ಜುತ್ತ, "ಹಿಡಿಕಿ ಡೊಂಕಾಗೇತ್ರಿ, ಅದಕ್ಕ ಹಿಂಗಾಗಾಕತ್ತೈತಿ" ಎಂದ. "ಇರ್ಲಿ ಬಿಡಪಾ, ಯುದ್ಧ ಮುಗದ ಮ್ಯಾಲೆ ಹೊಸಾದು ತಗೊಳ್ಳುವಂತಿ" ಎಂದು ಅವರು ಮುಖ ಒರೆಸಿಕೊಂಡು ಎದ್ದರು. ಯಾರಿಗೂ ಸಿಟ್ಟಿರಲಿಲ್ಲ. ಅದು ಪರದೇಶದ ಅಲಗು, ಆಗ ದುಡ್ಡು ಕೊಟ್ಟರೂ ಸಿಗದ್ದು. ಹಿಡಿಕೆ ಎಮ್ಮೆಕೋಡಿನದು. ಮಳೆಯಲ್ಲಿ ನೆನೆದು ಬಿಸಿಲಿಗೆ ಒಣಗಿ ಅದರ ಎರಡು ಹೋಳುಗಳೂ ತಿರುಚಿಕೊಂಡಿದ್ದವು. ಕತ್ತಿ ಮಡಿಸಿದಾಗ ಅಲಗಿನ ಅಂಚು ಹಿಡಿಕೆಗೆ ಉಜ್ಜಿ ಹರಿತ ಹೋಗುತ್ತಿತ್ತು. ಅದೂ ಖರೆಯೇ.

ಸವಣೂರಿನಲ್ಲಿ ನಮ್ಮ ಪಕ್ಕದ ಮನೆಯವರು ಕೋಡಿನ ಬಾಚಣಿಕೆ ಮಾಡುವವರು. ಡೊಂಕು ಕೋಡನ್ನು ಆ ಮನೆಯಾಕೆ ಬಿಸಿ ಮಾಡಿ ನೆಟ್ಟಗೆ ಮಾಡುವುದನ್ನು ದಿನಾ ನೋಡಿದವಳು ನಾನು. ಸುಮ್ಮನಿರಲಾದೀತೇ?

"ತಾ ಇಲ್ಲೆ, ನಾ ನೆಟ್ಟಗ ಮಾಡಿಕೊಡ್ತೇನಿ," ಎಂದೆ.

"ಬ್ಯಾಡ ಬಿಡ ಯವ್ವಾ, ಮುರದ ಗಿರದೀತು," ಎಂದ ಅಪ್ಪ.

ಒಲೆಯ ಮುಂದಿದ್ದ ಅವ್ವ ತಿರುಗಿಯೂ ನೋಡದೆ, "ಅದರ ತಂಟಿಗೆ ಹೋಗಬ್ಯಾಡ. ಇದ್ದಂಗ ಇರ್ಲಿ," ಎಂದಳು.

ನನಗೆ ರೇಗಿತು. "ಅದ ಕತ್ತಿ ನನ್ನ ಕೂಸಿನ ತಲಿ ಮ್ಯಾಲೆ ಆಡೂದವ್ವಾ! ಇದ್ದಂಗ ಇರ್ಲಿ ಅಂದ್ರ ಹೆಂಗ?" ಅವ್ವ ಒಲೆಗೆ ಇನ್ನೊಂದು ಕಟ್ಟಿಗೆ ನೂಕಿದಳು. ದಿನಾ ಅಪ್ಪನ ಕೈಗೆ ನೀರಿನ ತಂಬಿಗೆ ಕೊಡುತ್ತಿದ್ದವಳು ಅವಳು. ನನಗೆ ತಿಳಿಯದ್ದು ಅವಳಿಗೆ ತಿಳಿದಿತ್ತು.

ಮೊಳೆ ಬಡಿದು ತೆಗೆದು ಹೋಳುಗಳನ್ನು ಬಿಡಿಸಿದೆ. ಕುದಿಯುವ ನೀರಿನಲ್ಲಿ ಮೆತ್ತಗಾಗುವವರೆಗೆ ಬಿಟ್ಟು, ಬಟ್ಟೆಯಲ್ಲಿ ಹಿಡಿದು ತಿದ್ದಿ, ಎರಡು ಮಣೆಗಳ ನಡುವೆ ಇಟ್ಟು ಮೇಲೆ ರುಬ್ಬುಗುಂಡು ಹೇರಿದೆ. ಆರಿದ ಮೇಲೆ ತೆಗೆದರೆ ಒಂದು ಹೋಳು ಮತ್ತೆ ಹಳೆಯ ಚಾಳಿಗೇ ತಿರುಗಿತ್ತು. ನಾನೇನು ಬಿಡುವವಳೇ! ಮತ್ತೆ ಕುದಿಸಿ, ಈ ಸಲ ಡೊಂಕಿನ ಎದುರು ದಿಕ್ಕಿಗೆ ತುಸು ಹೆಚ್ಚೇ ಬಗ್ಗಿಸಿ ಒತ್ತಿಟ್ಟೆ. ಮರುದಿನ ನೆಟ್ಟಗೆ ಕೂತಿತ್ತು. ಎಣ್ಣೆ ತಿಕ್ಕಿ, ಜವಳಕ್ಕೆಂದು ಶಿಗ್ಗಾವಿಯಿಂದ ಬಂದ ನನ್ನ ಅಣ್ಣನಿಂದ ಮೊಳೆ ಕೂಡಿಸಿದೆ. ಅವನೂ ಅದೇ ಕಸುಬಿನವನು. "ಭಲೇ ತಂಗಿ!" ಎಂದ. ನಾನು ಹಿಗ್ಗಿದ್ದೇ ಹಿಗ್ಗಿದ್ದು.

ಅಪ್ಪ ಕತ್ತಿಯನ್ನು ಬಿಚ್ಚಿದ, ಮಡಿಸಿದ. ಎಲ್ಲಿಯೂ ತಾಗಲಿಲ್ಲ. ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ನಕ್ಕಾನೆಂದು ಕಾದೆ, ನಗಲಿಲ್ಲ. ಅಣ್ಣನನ್ನು ಕೂರಿಸಿಕೊಂಡು ಗಡ್ಡ ಕೆರೆಯತೊಡಗಿದ. ಕಿವಿಯ ಬುಡದಲ್ಲಿ ರಕ್ತ ಬಂತು. ಒರೆಸಿ ಮತ್ತೆ ಎಳೆದ, ಮತ್ತೆ ಬಂತು. ಅಲ್ಲಿಯವರೆಗೆ ನಾನು ಕತ್ತಿಯನ್ನಷ್ಟೇ ನೋಡುತ್ತಿದ್ದೆ. ಆಗ ಅಪ್ಪನ ಕೈ ನೋಡಿದೆ. ನಡುಗುತ್ತಿತ್ತು.

"ಏನಾಗಿಲ್ಲಪಾ," ಎಂದ ಅಣ್ಣ.

ಅಪ್ಪ ಕತ್ತಿ ಮಡಿಸಿ ಅವನ ಕೈಗಿಟ್ಟ. "ಜವಳ ನೀನ ಮಾಡು."

ಜವಳದ ದಿನ ಆಡೂರಿನ ಮನೆಗಳವರೂ ಬಂದಿದ್ದರು. ಅಣ್ಣ ಕೂಸಿನ ತಲೆ ತೋಯಿಸಿ ಕತ್ತಿ ತೆಗೆದ. ಅವರಲ್ಲಿ ಹಿರಿಯರೊಬ್ಬರು, "ಯಾಕಲೇ, ಮೊಮ್ಮಗನ ತಲಿಗೆ ನೀ ಕೈ ಹಚ್ಚವಲ್ಲಿ?" ಎಂದು ಅಪ್ಪನನ್ನು ಕೇಳಿದರು. ಅಪ್ಪ ಉತ್ತರ ಹುಡುಕುತ್ತಿದ್ದಾಗಲೇ ನನ್ನ ಪೆದ್ದ ಅಣ್ಣ, "ಹಿಡಿಕಿ ನೋಡ್ರಿ, ಬಾಣದಂಗ ನೆಟ್ಟಗ ಕುಂತೈತಿ. ನಮ್ಮ ತಂಗಿ ಮಾಡಿದ್ದು," ಎಂದು ಕತ್ತಿಯನ್ನು ಎತ್ತಿ ತೋರಿಸಿದ. ಅಭಿಮಾನದಿಂದಲೇ ತೋರಿಸಿದ, ಪಾಪ.

ಅಪ್ಪ ಎಲ್ಲರಿಗೂ ಕೇಳುವಂತೆ ಹೇಳಿದ: "ಕತ್ತಿ ಛಲೋ ಐತ್ರಿ. ನನ್ನ ಕೈ ನಡಗತೈತಿ."

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಹಿಡಿಕೆ ಡೊಂಕಾಗಿಯೇ ಇದ್ದಿದ್ದರೆ, 'ಈ ಕತ್ತಿ ಸರಿ ಇಲ್ಲ, ನಿಂದ ತೆಗಿ' ಎಂದು ಅಣ್ಣನಿಗೆ ಹೇಳಿ ಅಪ್ಪ ಪಕ್ಕಕ್ಕೆ ಸರಿಯುತ್ತಿದ್ದ. ಕೂಸಿಗೂ ಏನೂ ಆಗುತ್ತಿರಲಿಲ್ಲ, ಅಪ್ಪನ ಮಾನವೂ ಉಳಿಯುತ್ತಿತ್ತು. ಅವನಿಗಿದ್ದ ನೆಪ ಅದೊಂದೇ. ಅದನ್ನು ನನ್ನ ಕೈಯಾರೆ ಕುದಿಸಿ, ಒತ್ತಿ, ಇಲ್ಲವಾಗಿಸಿದೆ.

ಮುಂದಿನ ವಾರ ಅಪ್ಪ ಎಂದಿನಂತೆ ಹಡಪ ತೆಗೆದುಕೊಂಡು ಆಡೂರಿಗೆ ಹೋದ. ಹೊತ್ತು ಮುಳುಗಿದ ಮೇಲೆ ಬರುವವನು ಬಿಸಿಲು ಏರುವುದರೊಳಗೆ, ಹಡಪ ಬಿಚ್ಚದೆಯೇ ತಿರುಗಿ ಬಂದ.

"ಎಲ್ಲಾರೂ ಭಾಳ ಮರ್ಯಾದಿ ಮಾಡಿದ್ರು," ಎಂದ. "ಜಗಲಿ ಮ್ಯಾಲೆ ಕುಂದರಿಸಿ ಚಾ ಕೊಟ್ಟು ಕಳಿಸಿದ್ರು."