ಧರ್ಮಪ್ಪನವರು ಕೊಂಡ ಟ್ರ್ಯಾಂಪೊಲಿನ್

ಶನಿವಾರಸಂತೆಯ ಧರ್ಮಪ್ಪನವರು ಬದನೆಕಾಯಿ ಕೊಳ್ಳುವುದಕ್ಕೂ ಸಂತೆಯನ್ನೆಲ್ಲ ಎರಡು ಸುತ್ತು ಹಾಕುವವರು. ಹಿತ್ತಲಲ್ಲಿ ಹಾರಿ ಕುಣಿಯಲು ಸ್ಪ್ರಿಂಗು ಕಟ್ಟಿದ ದುಂಡನೆಯ ಟ್ರ್ಯಾಂಪೊಲಿನ್ ಬೇಕೆಂದು ಮೊಮ್ಮಗಳು ಕೇಳಿದ್ದೇ ತಡ, ಅವರಿಗೆ ಹಬ್ಬವಾಯಿತು. ದನ ಕಟ್ಟುವ ಹಗ್ಗ ಹಿಡಿದು ಹಿತ್ತಲು ಅಳೆದರು. ಕುಶಾಲನಗರದ ಆಟದ ಸಾಮಾನಿನ ಅಂಗಡಿಗೆ ಹೋಗಿ ಸ್ಪ್ರಿಂಗುಗಳನ್ನು ಒಂದೊಂದಾಗಿ ಎಳೆದರು, ಸುತ್ತಲಿನ ಬಲೆಯನ್ನು ಮೂಸಿಯೂ ನೋಡಿದರು. "ನಮ್ಮ ಮಳೆಗೆ ತುಕ್ಕು ಹಿಡಿಯಲ್ವೇನಪ್ಪಾ?" ಎಂದು ಹೋದಾಗಲೆಲ್ಲ ಕೇಳಿದರು. ಅಂಗಡಿಯ ಸುನಿಲ್ ಅವರನ್ನು ಕಂಡೊಡನೆ ಟೀಗೆ ಹೇಳುವುದನ್ನು ರೂಢಿ ಮಾಡಿಕೊಂಡ. "ಮಗೀಗೆ ತಾನೆ ಸಾರ್? ನಿಮ್ಮ ಬಜೆಟ್‌ಗೆ ಈ ಸಣ್ಣದೇ ಸರಿ" ಎಂದು ಕೊನೆಗೆ ಅಂಗಲಾಚಿದ. ಧರ್ಮಪ್ಪನವರು ಆಚೀಚೆ ನೋಡಿ ದನಿ ತಗ್ಗಿಸಿದರು. "ಎಪ್ಪತ್ತೆಂಟು ಕೆ.ಜಿ. ತಡೀಬೇಕು ಕಣಪ್ಪ. ನಮ್ಮನೆಯವಳು ಸ್ಕೂಲಲ್ಲಿ ಹೈಜಂಪ್‌ಗೆ ಫಸ್ಟು. ನನ್ನ ಕಟ್ಕೊಂಡ ಮೇಲೆ ಒಂದಿನಾನೂ ಹಾರಿಲ್ಲ." ಜೊತೆಗೆ ಕೊಳ್ಳಬೇಕಿದ್ದ ಹತ್ತುವ ಏಣಿಯನ್ನೂ ಮಳೆಗೆ ಮುಚ್ಚುವ ಹೊದಿಕೆಯನ್ನೂ ಬಿಟ್ಟು, ಅದೇ ದುಡ್ಡಿಗೆ ಗಟ್ಟಿಮುಟ್ಟಾದ ದೊಡ್ಡದನ್ನು ತಂದರು. ಮೊಮ್ಮಗಳು ಕುಣಿದು ಇಳಿದ ಮೇಲೆ ಹೆಂಡತಿಗೆ ಹತ್ತಲು ಸ್ಟೂಲು ಹಾಕಿದರು. "ಈ ವಯಸ್ಸಲ್ಲಿ ನಂಗ್ಯಾಕ್ರೀ ಇದು? ಯಾರಾದ್ರೂ ನೋಡಿದ್ರೆ?" ಎಂದು ಬೈಯುತ್ತಲೇ ಶಕುಂತಲಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು. ಮೊದಲ ಸಲ ಮೇಲೆ ಹಾರಿದಾಗ ಅವರು ಹಾಕಿದ ಕೇಕೆಗೆ ಅಕ್ಕಪಕ್ಕದವರೆಲ್ಲ ಬೇಲಿಯ ಬಳಿ ಬಂದು ನಿಂತರು. ಶಕುಂತಲಮ್ಮ ಅವರನ್ನೆಲ್ಲ ನೋಡಿದರು, ಆದರೆ ಹಾರುವುದನ್ನು ನಿಲ್ಲಿಸಲಿಲ್ಲ.