ಮಲ್ಲವ್ವ ಬೆಳೆದ ಬಾಣಂತಿ ಸೊಪ್ಪು

ಮಲ್ಲವ್ವನನ್ನು ಯಾರಾದರೂ ‘ಪಾಪದ ಹೆಂಗಸು’ ಅಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಪಾಪವೂ ಇಲ್ಲ, ಮಣ್ಣೂ ಇಲ್ಲ. ಹಟಮಾರಿ, ಜಗಳಗಂಟಿ, ತನ್ನ ಸೊಪ್ಪಿನ ವಿಷಯ ಬಂದರೆ ದೇವರ ಮಾತನ್ನೂ ಕೇಳದವಳು. ಭಾಂಡುಪಿನ ನಮ್ಮ ಚಾಳಿನಲ್ಲಿ ಅವಳ ಖೋಲಿಗೂ ನನ್ನ ಖೋಲಿಗೂ ನಡುವೆ ಇರುವುದು ಒಂದೇ ಗೋಡೆ. ನಾನು ಭುವನೇಶ್ವರಿ. ಇಬ್ಬರೂ ವಿಜಯಪುರದ ಕಡೆಯವರು, ಮದುವೆಯಾದ ಹೊಸದರಲ್ಲಿ ಗಂಡಂದಿರ ಬೆನ್ನು ಹಿಡಿದು ಈ ಊರಿಗೆ ಬಂದವರು. ಹಾಗಾಗಿ ಅವಳನ್ನು ಬಯ್ಯುವ ಹಕ್ಕು ನನಗಿದೆ, ಬೇರೆಯವರಿಗಿಲ್ಲ.

ಅವಳ ಗಂಡ ಹಣಮಂತ, ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಊರಿಗೆ ಹೋಗಿ ಬರುತ್ತೇನೆಂದು ಹೋದ. ಹೋದವನು ಅಲ್ಲಿಯೇ ಇನ್ನೊಂದು ಸಂಸಾರ ಹೂಡಿಕೊಂಡು ಕೂತ. ಮಲ್ಲವ್ವ ಅಳುತ್ತ ಕೂಡಲಿಲ್ಲ. ಮಗಳು ಶಿವಕುಮಾರಿಯನ್ನು ನನ್ನ ಮನೆಯಲ್ಲಿ ಬಿಟ್ಟು ಕೆಲಸ ಹುಡುಕಿಕೊಂಡು ಹೊರಟಳು. ಸಿಕ್ಕಿದ್ದು ಮಾಲೀಶಿನ ಕೆಲಸ. ಮುಲುಂಡ್, ಪವಾಯಿ ಕಡೆಯ ದೊಡ್ಡ ಬಿಲ್ಡಿಂಗುಗಳಲ್ಲಿ ಹಡೆದ ಹೆಂಗಸರಿಗೆ ಎಣ್ಣೆ ತಿಕ್ಕುವುದು, ಕೂಸಿಗೆ ನೀರು ಹಾಕುವುದು, ಬಾಣಂತಿಗೆ ಅಡುಗೆ ಮಾಡುವುದು. ಈ ಊರಿನಲ್ಲಿ ಕೆಲಸದ ಹೆಂಗಸಿಗೆಲ್ಲ ‘ಬಾಯಿ’ ಅನ್ನುತ್ತಾರೆ. ಅವಳ ಹೆಸರು ಏನೆಂದು ಯಾರೂ ಕೇಳುವುದಿಲ್ಲ.

ಸೊಪ್ಪಿನ ಹುಚ್ಚು ಹತ್ತಿದ್ದು ಈ ಕೆಲಸದಿಂದಲೇ. ಬಾಣಂತಿಗೆ ಸಬ್ಬಸಿಗೆ ತಿನ್ನಿಸಬೇಕು, ಆಗ ಎದೆಹಾಲು ಇಳಿಯುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಇಲ್ಲಿನ ಮಾರ್ಕೆಟ್ಟಿನಲ್ಲಿ ಅದೇ ಸೊಪ್ಪು ಶೇಪು ಎಂಬ ಹೆಸರಿನಲ್ಲಿ ಸಿಗುತ್ತದೆ. ಆದರೆ ಮಲ್ಲವ್ವನಿಗೆ ಅದರ ಮೇಲೆ ಅನುಮಾನ, ಯಾವ ಗಟಾರದ ನೀರು ಕುಡಿದು ಬೆಳೆದಿದೆಯೋ ಅಂತ. ಮೀನು ಮಾರುಕಟ್ಟೆಯಲ್ಲಿ ಎಸೆದಿದ್ದ ಥರ್ಮೋಕೋಲ್ ಡಬ್ಬಿಗಳನ್ನು ಹೊತ್ತು ತಂದಳು. ಸುಣ್ಣದ ನೀರಿನಲ್ಲಿ ತಿಕ್ಕಿ ತೊಳೆದು ನಾತ ಬಿಡಿಸಿದಳು. ತಳಕ್ಕೆ ತೂತು ಹಾಕಿ, ಮಣ್ಣು ತುಂಬಿ, ಓಣಿಯುದ್ದಕ್ಕೂ ಸಾಲಾಗಿ ಇಟ್ಟಳು. ಸಬ್ಬಸಿಗೆ, ಮೆಂತ್ಯ, ಪುದೀನ, ಮೂಲೆಯಲ್ಲೊಂದು ದೊಡ್ಡಪತ್ರೆ. ನಮ್ಮಲ್ಲಿ ನಲ್ಲಿ ಬರುವುದು ಬೆಳಿಗ್ಗೆ ಮಾತ್ರ. ಅಕ್ಕಿ ತೊಳೆದ ನೀರು, ಬೇಳೆ ತೊಳೆದ ನೀರು, ಎಲ್ಲ ಸೊಪ್ಪಿಗೇ. ಒಮ್ಮೆಗೇ ಎಲ್ಲ ಬಿತ್ತುತ್ತಿರಲಿಲ್ಲ. ಒಂದು ಡಬ್ಬಿಯದು ಮೊಳಕೆ ಒಡೆದ ಮೇಲೆ ಇನ್ನೊಂದು ಬಿತ್ತುತ್ತಿದ್ದಳು, ಎಳೆ ಸೊಪ್ಪು ಯಾವಾಗಲೂ ಇರಲಿ ಅಂತ. ಬೇರು ಸಮೇತ ಕೀಳಲು ಬಿಡುತ್ತಿರಲಿಲ್ಲ, ತುದಿ ಚಿವುಟಬೇಕು.

ಓಣಿಯೋ, ಎದುರಿನಿಂದ ಒಬ್ಬರು ಬಂದರೆ ಇನ್ನೊಬ್ಬರು ಅಡ್ಡ ತಿರುಗಿ ನಿಲ್ಲಬೇಕು, ಅಷ್ಟೇ ಅಗಲ. ಅದರಲ್ಲಿ ಇವಳ ಡಬ್ಬಿಗಳು.

“ಮಲ್ಲವ್ವಾ, ನಿನ್ನ ತ್ವಾಟ ಎಡವಿ ಬಿದ್ದು ಸತ್ತಗಿತ್ತೇನಂದ್ರ ನನ್ನ ದಿನಕ್ಕೂ ಸಬ್ಬಸಗಿ ಪಲ್ಯಾನ ಮಾಡ್ತಿ ನೀ!” ಎಂದು ನಾನು ಕೂಗಿದರೆ, ಒಳಗಿನಿಂದಲೇ ಉತ್ತರ ಬರುತ್ತಿತ್ತು. “ಮಾಡ್ತೀನಿ ತಗೋ ಭುವನಕ್ಕ. ಬಳ್ಳೊಳ್ಳಿ ಜಾಸ್ತಿ ಹಾಕಿ ಮಾಡ್ತೀನಿ.”

ಶಿವಕುಮಾರಿ ಇದೇ ಓಣಿಯಲ್ಲಿ ಓದಿ ದೊಡ್ಡವಳಾದಳು. ಶಾಲೆಯಲ್ಲಿ ಅವಳನ್ನು ‘ಮಾಲೀಶ್‌ವಾಲೀ ಕೀ ಬೇಟಿ’ ಎಂದು ಕರೆಯುತ್ತಿದ್ದರು, ಒಂದು ದಿನ ಒಬ್ಬಳ ಜಡೆ ಹಿಡಿದು ಜಗ್ಗಿ ಹೊಡೆದು ಬಂದಿದ್ದಳು. ಅಂಧೇರಿಯ ಆಫೀಸೊಂದಕ್ಕೆ ಸೇರಿದಳು, ಅಲ್ಲಿಯೇ ಪ್ರಶಾಂತನನ್ನು ಮೆಚ್ಚಿ ಮದುವೆಯಾದಳು. ಹುಡುಗ ಉಡುಪಿಯ ಕಡೆಯವನು. ಅಪ್ಪ ಬಿಟ್ಟುಹೋದ ಹೋಟೆಲಿದೆ, ಅಂಧೇರಿಯಲ್ಲಿ ಫ್ಲ್ಯಾಟಿದೆ. ಬೆಳಗಿನ ಹೊತ್ತು ಹೋಟೆಲಿನ ಗಲ್ಲೆಯಲ್ಲಿ ಕೂರುವವಳು ಅವನ ತಾಯಿ ಚಂಪಾ. ಆಕೆ ಒಳ್ಳೆಯ ಹೆಂಗಸು. ಕೆಟ್ಟವಳಾಗಿದ್ದರೆ ಬಾಯಿ ತುಂಬ ಬಯ್ದು ನಾನು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಮಗಳು ಬಸುರಿ ಎಂದು ತಿಳಿದ ದಿನ ಮಲ್ಲವ್ವ ನನ್ನ ಬಾಗಿಲಿಗೆ ಬಂದು ಕೂತಳು.

“ಮಂದಿ ಹೆಣ್ಮಕ್ಕಳಿಗೆಲ್ಲ ಬಾಣಂತನ ಮಾಡೀನಿ ಭುವನಕ್ಕ. ಮೊದಲನೇದು ತವರಿಂದು. ನನ್ನ ಮಗಳ ಬಾಣಂತನ ನನ್ನ ಮನ್ಯಾಗ ಆಗಬೇಕು. ನನ್ನ ಮಮ್ಮಗ ಈ ಸೂರಿನ ಕೆಳಗ ಅಳಬೇಕು. ಅದೊಂದ ಆಸೆ ನೋಡು ನಂದು.”

ಅಲ್ಲಿಂದ ಶುರುವಾಯಿತು ಅವಳ ಗಡಿಬಿಡಿ. ಖೋಲಿಗೆ ಸುಣ್ಣ ಬಳಿಸಿದಳು, ಕಿಟಕಿಗೆ ಜಾಳಿಗೆ ಹೊಡೆಸಿದಳು, ಹೆಗ್ಗಣದ ಬಿಲಕ್ಕೆ ಗಾಜಿನ ಚೂರು ಹಾಕಿ ಸಿಮೆಂಟು ಮೆತ್ತಿದಳು. ಮಳೆ ಹಿಂದಾಗುವುದನ್ನೇ ಕಾದು ಸಬ್ಬಸಿಗೆ ಬಿತ್ತಿದಳು. ದೀಪಾವಳಿ ಕಳೆದ ಮೇಲೆ ಹೆರಿಗೆ, ಅಷ್ಟೊತ್ತಿಗೆ ಓಣಿಯೆಲ್ಲ ಹಸಿರು. ಆ ವರ್ಷ ಡಬ್ಬಿ ಎಡವಿದರೂ ನಾನು ಬಾಯಿ ಮುಚ್ಚಿಕೊಂಡಿದ್ದೆ.

ಹೆರಿಗೆಗೆ ಸ್ವಲ್ಪ ಮೊದಲು ಶಿವಕುಮಾರಿಯ ಫೋನು ಬಂತು. ಮಲ್ಲವ್ವ ಸ್ಪೀಕರ್ ಹಾಕಿಯೇ ಮಾತಾಡುವವಳು, ಗೋಡೆಯಾಚೆ ನನಗೂ ಕೇಳುತ್ತಿತ್ತು.

“ಅವ್ವಾ, ಸಿಟ್ಟಾಗಬ್ಯಾಡ. ಹಸಿ ಮೈಯಾಗ ಸಂಡಾಸಿಗೆ ಲೈನ್ ಹಚ್ಚಲೇನು ನಾ? ನೀನ ಇಲ್ಲಿಗೆ ಬಾ. ಬಾಣಂತನ ಇಲ್ಲೇ ಮಾಡು. ತೊಟ್ಟಿಲಾದ ಮ್ಯಾಲೆ ಕೂಸಿನ್ನ ಕರ್ಕೊಂಡು ನಮ್ಮ ಖೋಲಿಗೆ ಬರ್ತೀನಿ, ನಾಕ ದಿನ ಇದ್ದು ಹೋಗ್ತೀನಿ. ಖರೇನ ಬರ್ತೀನಿ ಅವ್ವಾ.”

ಹುಡುಗಿಯ ಮಾತಿನಲ್ಲಿ ತಪ್ಪೇನಿತ್ತು? ಚಾಳಿನ ಸಂಡಾಸದ ಸಾಲು ನನಗೆ ಗೊತ್ತಿಲ್ಲವೆ? ಮಲ್ಲವ್ವ, “ಆತು, ನಾ ಬರ್ತೀನಿ. ಸೊಪ್ಪು ತರ್ತೀನಿ, ಜಾಗಾ ಮಾಡಿ ಇಡು” ಎಂದಳು. ಟೆಂಪೋದಲ್ಲಿ ಡಬ್ಬಿಗಳ ನಡುವೆ ಕೂತು ಅಂಧೇರಿಗೆ ಹೋದಳು. ಓಣಿ ಅಗಲವಾಯಿತು, ನಾನು ಮಾತ್ರ ಆಮೇಲೂ ಅಡ್ಡ ತಿರುಗಿಯೇ ನಡೆಯುತ್ತಿದ್ದೆ.

ಗಂಡು ಕೂಸು ಹುಟ್ಟಿತು. ನಾನು ಅಂಟಿನುಂಡೆ ಕಟ್ಟಿಕೊಂಡು ನೋಡಲು ಹೋದೆ. ಚಂಪಾ ಬಾಗಿಲಿಗೇ ಬಂದು, “ಬನ್ನಿ ಬನ್ನಿ. ನಿಮ್ಮ ಮಲ್ಲಮ್ಮನವರಿಗೆ ಸ್ವಲ್ಪ ಹೇಳಿ ಮಾರಾಯ್ರೆ, ಒಂದು ಗಳಿಗೆ ಕೂತುಕೊಳ್ಳುವುದಿಲ್ಲ ಅವರು” ಎಂದಳು. ನಿಜ. ಮಲ್ಲವ್ವ ಎಲ್ಲರಿಗಿಂತ ಮೊದಲು ಏಳುತ್ತಿದ್ದಳಂತೆ, ಎಲ್ಲರ ಊಟವಾದ ಮೇಲೆ ಅಡುಗೆಮನೆಯ ನೆಲದ ಮೇಲೆ ಕೂತು ಉಣ್ಣುತ್ತಿದ್ದಳಂತೆ. ಹೊರಗೆ ಹೋಗಿಬರಲು ಕೆಲಸದವರ ಲಿಫ್ಟನ್ನೇ ಹತ್ತುತ್ತಿದ್ದಳಂತೆ, ಯಾರೂ ಹೇಳದಿದ್ದರೂ. “ಬೀಗತಿ ಅದೀ, ಬೀಗತಿ ಹಂಗ ಇರ್ಲಾಕ ಏನ್ ದಾಡಿ ನಿನಗ?” ಎಂದು ನಾನು ಕಿವಿ ಹಿಂಡಿದೆ. “ರೂಢಿ ಬಿಡಂಗಿಲ್ಲಕ್ಕ” ಎಂದು ನಕ್ಕುಬಿಟ್ಟಳು.

ಶಿವಕುಮಾರಿ ಮೊದಮೊದಲು ಸಬ್ಬಸಿಗೆಯ ವಾಸನೆಗೆ ಮೂಗು ಮುಚ್ಚಿಕೊಂಡಳಂತೆ. ಮಲ್ಲವ್ವ ಬಿಟ್ಟಾಳೆಯೆ? ಬಾಲ್ಕನಿಯಿಂದ ಆಗಷ್ಟೇ ಚಿವುಟಿ ತಂದ ಎಳೆ ಸೊಪ್ಪು, ಅರ್ಧ ಬೆಂದ ಹೆಸರುಬೇಳೆ, ತುಪ್ಪದಲ್ಲಿ ಕೆಂಪಗೆ ಹುರಿದ ಬೆಳ್ಳುಳ್ಳಿ, ಜೀರಿಗೆ, ಕುಟ್ಟಿದ ಕರಿಮೆಣಸು. ಸೊಪ್ಪು ಕೊನೆಗೆ ಹಾಕಿ, ಮುಚ್ಚಳ ಮುಚ್ಚಿ, ಒಲೆ ಆರಿಸಿಬಿಡುವುದು. ಬಿಸಿ ಜೋಳದ ರೊಟ್ಟಿಯ ಜೊತೆ ಅದನ್ನು ತಿಂದು ಮಗಳು ಬಟ್ಟಲು ಬಳಿಯುವುದನ್ನು ನಾನೇ ಕಂಡೆ.

ಅದೇ ಹೊತ್ತಿಗೆ ಅದೇ ಸೊಸೈಟಿಯ ಇನ್ನೊಂದು ವಿಂಗಿನ, ಎಂದರೆ ಪಕ್ಕದ ಬಿಲ್ಡಿಂಗಿನ, ಹೆಂಗಸು ಕೂಸು ನೋಡಲು ಬಂದಳು. ಮಲ್ಲವ್ವ ಕೂಸಿಗೆ ಎಣ್ಣೆ ಹಚ್ಚುವುದನ್ನು ನೋಡಿ, “ಯೇ ಬಾಯಿ ಕಹಾಂ ಸೇ ಮಿಲೀ?” ಎಂದು ಕೇಳಿದಳು, ಈ ಬಾಯಿ ಎಲ್ಲಿ ಸಿಕ್ಕಳು ಅಂತ. ಶಿವಕುಮಾರಿ ಬಟ್ಟಲು ಕೆಳಗಿಟ್ಟಳು. “ಬಾಯಿ ನಹೀಂ ಆಂಟೀ. ಮೇರೀ ಮಾಂ ಹೈ.” ಬಾಯಿ ಅಲ್ಲ, ನನ್ನ ಅವ್ವ. ಆ ಹೆಂಗಸು ಸಾರಿ ಸಾರಿ ಎಂದಳು. ನನಗೆ ಕಣ್ಣು ತುಂಬಿ ಬಂತು. ಮಲ್ಲವ್ವ ಮಾತ್ರ ತಲೆ ಎತ್ತದೆ ಎಣ್ಣೆ ತಿಕ್ಕುತ್ತಲೇ ಇದ್ದಳು, ಕಿವಿಯವರೆಗೂ ಕೆಂಪಾಗಿ.

ತೊಟ್ಟಿಲ ಶಾಸ್ತ್ರ ಭರ್ಜರಿಯಾಗಿ ಮಾಡಿದರು. ಹಾಲ್ ತುಂಬ ಜನ. ಕೂಸಿಗೆ ಹೆಸರಿಟ್ಟಾದ ಮೇಲೆ ಚಂಪಾ ನಡುಮನೆಯಲ್ಲಿ ಕುರ್ಚಿ ಹಾಕಿಸಿ ಮಲ್ಲವ್ವನನ್ನು ಕರೆದು ಕೂರಿಸಿದಳು. ಹಣೆಗೆ ಕುಂಕುಮ ಇಟ್ಟಳು, ಮುಡಿಗೆ ಹೂ ಕೊಟ್ಟಳು. ತಟ್ಟೆಯಲ್ಲಿ ರೇಷ್ಮೆ ಸೀರೆ, ತೆಂಗಿನಕಾಯಿ. ನಮ್ಮಲ್ಲಿ ಇದನ್ನು ಆಯೇರಿ ಅನ್ನುತ್ತೇವೆ. ಬೀಗತಿಗೆ ಮಾಡುವ ಮರ್ಯಾದೆ, ಕೂತಲ್ಲೇ ಮಡಿಲಲ್ಲಿ ತೆಗೆದುಕೊಳ್ಳಬೇಕು. ಚಂಪಾ ತಟ್ಟೆ ಹಿಡಿದು ಮನಸ್ಸಿನಿಂದಲೇ ಹೇಳಿದಳು, “ಬಾಣಂತನ ತುಂಬ ಚೆನ್ನಾಗಿ ಮಾಡಿದ್ರಿ.”

ಈ ಒಂದು ಮಾತು ಬಿದ್ದದ್ದೇ ಬಿದ್ದದ್ದು, ಮಲ್ಲವ್ವ ಕುರ್ಚಿಯಿಂದ ಎದ್ದಳು. ಅವಳು ಕೆಲಸ ಮಾಡಿದ ಮನೆಗಳಲ್ಲೆಲ್ಲ ಕೊನೆಯ ದಿನ ಇದೇ ಮಾತು ಹೇಳಿ, ಬಾಗಿಲಲ್ಲಿ ನಿಲ್ಲಿಸಿ ಒಂದು ಸೀರೆ ಕೊಟ್ಟು ಕಳಿಸುತ್ತಾರೆ. ಅವಳ ಕಾಲು ತಾನಾಗಿಯೇ ಬಾಗಿಲಿಗೆ ನಡೆಯಿತು. ಚಪ್ಪಲಿಗಳ ಪಕ್ಕ ನಿಂತು, ತಲೆಯ ಮೇಲೆ ಸೆರಗೆಳೆದು, ಅದೇ ಸೆರಗಿನ ತುದಿಯನ್ನು ಎರಡೂ ಕೈಯಲ್ಲಿ, ಹಿಂದೆಯೇ ಬಂದ ಚಂಪಾಳ ಮುಂದೆ ಒಡ್ಡಿದಳು. “ಭಗವಾನ್ ಬಚ್ಚೇ ಕೋ ಲಂಬೀ ಉಮರ್ ದೇ, ಮೇಮ್‌ಸಾಬ್. ಔರ್ ಕೋಯೀ ಘರ್ ಹೋ ತೋ ಬತಾನಾ.” ದೇವರು ಕೂಸಿಗೆ ಆಯಸ್ಸು ಕೊಡಲಿ, ಬೇರೆ ಯಾವುದಾದರೂ ಮನೆಯಿದ್ದರೆ ಹೇಳಿ, ಕೆಲಸಕ್ಕೆ. ಸ್ವಂತ ಮೊಮ್ಮಗನ ತೊಟ್ಟಿಲಿನ ಮುಂದೆ!

ಯಾರೋ ಕಿಸಕ್ಕನೆ ನಕ್ಕರು. ಚಂಪಾ ತಟ್ಟೆ ಹಿಡಿದು ಹಾಗೇ ನಿಂತಳು. ಮಲ್ಲವ್ವನಿಗೆ ಆಗ ಎಚ್ಚರ ಬಂತು, ಸೆರಗು ಕೈಯಿಂದ ಜಾರಿತು.

ಅಡುಗೆಮನೆಯಲ್ಲಿ ಶಿವಕುಮಾರಿ ಬಾಗಿಲು ಹಾಕಿಕೊಂಡು ಅವ್ವನ ಮೇಲೆ ಹರಿಹಾಯ್ದಳು. ನಾನು ನಡುವೆ ನಿಂತಿದ್ದೆ.

“ಎಲ್ಲಾರ ಮುಂದ ನಮ್ಮವ್ವ, ನಮ್ಮವ್ವ ಅಂತ ಎದಿ ಬಡಕೊಂಡು ಹೇಳೀನಿ. ನೀನ ಬಾಯಿ ಅಂತ ತೋರಿಸಿಬಿಟ್ಟೆಲ್ಲ! ಸಣ್ಣಾಕಿ ಇದ್ದಾಗಿಂದ ಇದರಿಂದ ಹೊರಗ ಬರಾಕ ಸಾಯ್ತೀನಿ ನಾ. ಈಗ ನನ್ನ ಮಗನ್ನೂ ಅದರಾಗ ತಂದು ನಿಲ್ಲಿಸ್ದಿ.”

“ಮರತೆ ಯವ್ವಾ. ಗೊತ್ತಾಗ್ಲಿಲ್ಲ ನನಗ.”

“ಹಂಗಾರ ಹೋಗು. ಬ್ಯಾರೆ ಮನಿ ಹುಡುಕ್ಕೊಂಡ ಹೋಗು. ಇಲ್ಲಿಗೆ ಬರಬ್ಯಾಡ.”

ಸಿಟ್ಟಿನಲ್ಲಿ ಆಡಿದ ಮಾತು, ಎರಡು ದಿನಕ್ಕೆ ಇಳಿಯುತ್ತದೆ ಎಂದು ನಾನು ಮಲ್ಲವ್ವನನ್ನು ಎಬ್ಬಿಸಿಕೊಂಡು ಬಂದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇಳಿಯಲಿಲ್ಲ. ಖೋಲಿಗೆ ಬರುತ್ತೇನೆಂದವಳು ಬರಲಿಲ್ಲ, ಫೋನು ಎತ್ತಲಿಲ್ಲ. ಡಬ್ಬಿಗಳು ಟೆಂಪೋದಲ್ಲಿ ವಾಪಸು ಬಂದವು, ಸೊಪ್ಪೆಲ್ಲ ಬಾಡಿ ಬಿದ್ದಿತ್ತು. ಚಂಪಾ ಮಾತ್ರ ನನಗೆ ಫೋನು ಮಾಡಿ, “ನಾನು ಹೇಳಿ ಹೇಳಿ ಸಾಕಾಯ್ತು ಮಾರಾಯ್ರೆ. ಆ ಹೆಸರು ತೆಗೆದರೆ ಅವಳು ಊಟ ಬಿಟ್ಟು ಏಳುತ್ತಾಳೆ” ಎಂದು ಅತ್ತಳು.

ಬೇಸಿಗೆಯಲ್ಲಿ ಆ ಇನ್ನೊಂದು ವಿಂಗಿನ ಹೆಂಗಸಿನ ಫೋನು ಬಂತು, ಮಲ್ಲವ್ವನಿಗೆ. ಸೊಸೆ ಹಡೆದಿದ್ದಾಳೆ, ಬರುತ್ತೀಯಾ ಎಂದು. ಅವತ್ತು ಅಮ್ಮ ಎಂದು ಕೇಳಿಸಿಕೊಂಡು ಸಾರಿ ಹೇಳಿದವಳೇ ಇವಳು, ಆದರೆ ತೊಟ್ಟಿಲ ದಿನ ಬಂದು ಬಾಗಿಲಲ್ಲಿ ಸೆರಗೊಡ್ಡಿದ್ದನ್ನೂ ಕಂಡಿದ್ದಳಲ್ಲ!

“ಹೋಗಬ್ಯಾಡ. ಮಾನ ಮರ್ಯಾದಿ ಐತೇನ ನಿನಗ? ಮಗಳ ಬಾಗಿಲ ಮುಂದ ಹೋಗಿ ಕೂಲಿ ಮಾಡ್ತಿ?” ಎಂದು ನಾನು ಬಾಯಿಗೆ ಬಂದ ಹಾಗೆ ಬಯ್ದೆ. ಮರುದಿನ ಬೆಳಿಗ್ಗೆ ನೋಡಿದರೆ ಹೊಸದಾಗಿ ಬೆಳೆದ ಸಬ್ಬಸಿಗೆ ಚಿವುಟಿ, ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಸ್ಟೇಷನ್ನಿನ ಕಡೆ ಹೊರಟಿದ್ದಳು.

ಈಗ ಶಿವಕುಮಾರಿ ಆಫೀಸಿಗೆ ಹೋಗುತ್ತಾಳೆ. ಕೂಸನ್ನು ನೋಡಿಕೊಳ್ಳಲು ದೂಜ ಎಂಬ ಹೆಂಗಸನ್ನು ಇಟ್ಟಿದ್ದಾರೆ. ಚಂಪಾ ಹೋಟೆಲಿನಲ್ಲಿರುವ ಹೊತ್ತಿಗೆ ದೂಜ ಕೂಸನ್ನು ಕೆಳಗಿನ ಗಾರ್ಡನ್ನಿಗೆ ತರುತ್ತಾಳೆ, ಮಲ್ಲವ್ವ ಕೆಲಸ ಮುಗಿಸಿ ಇಳಿಯುವುದೂ ಆಗಲೇ. ಮೊನ್ನೆ ಕೂಸು ಅಳುತ್ತಿತ್ತಂತೆ. ಇವಳು ಹೋಗಿ ಎತ್ತಿಕೊಂಡಳಂತೆ, ಎತ್ತಿಕೊಂಡ ಕೂಡಲೇ ಸುಮ್ಮನಾಯಿತಂತೆ. ದೂಜ, ಇಷ್ಟು ಚೆನ್ನಾಗಿ ಎತ್ತಿಕೊಳ್ಳುತ್ತೀಯಲ್ಲ, ಯಾರು ನೀನು ಅಂತ ಕೇಳಿದಳಂತೆ.

“ಏನ್ ಹೇಳ್ದಿ?” ಎಂದು ಕೇಳಿದೆ.

“ಆ ವಿಂಗಿನ ಬಾಯಿ ಅಂತ ಹೇಳ್ದೆ.”

ನನ್ನ ಪಿತ್ತ ನೆತ್ತಿಗೇರಿತು. “ಅಜ್ಜಿ ಅಂತ ಹೇಳಾಕ ನಾಲಿಗಿ ಸೇದಿ ಹೋಗಿತ್ತೇನ ನಿಂದು?”

ಮಲ್ಲವ್ವ ಡಬ್ಬಿಗೆ ನೀರು ಚಿಮುಕಿಸುತ್ತ ತಣ್ಣಗೆ ಹೇಳಿದಳು. “ಅಜ್ಜಿ ಅಂದಿದ್ರ ಶಿವಕುಮಾರಿಗೆ ಸುದ್ದಿ ಮುಟ್ಟತಿತ್ತಕ್ಕ. ಮರುದಿನಾ ಕೂಸಿನ್ನ ಕೆಳಗ ಕಳಸ್ತಿದ್ದಿಲ್ಲ. ಬಾಯಿ ಅಂದೀನಂತ ದೂಜ ದಿನಾ ಎತ್ಕೊಳ್ಳಾಕ ಕೊಡ್ತಾಳ.”